ಮಣೆಯ ಮೇಲಿನ ಮಷೀನು

ಮೇ 5, ಸೋಮವಾರ

ಇಂದೂ ಮದುವೆ ಕಾರ್ಡುಗಳು. ಬೆಳಗಿನಿಂದ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದ್ದೇ ನೋಡಿದ್ದು. ಒಂದರಲ್ಲಿ ‘ಸುಖಾಗಮನ’ ಹೋಗಿ ‘ಸುಖಗಮನ’ ಆಗಿತ್ತು — ಬರುವವರನ್ನು ಬಾಗಿಲಲ್ಲೇ ಬೀಳ್ಕೊಟ್ಟ ಹಾಗೆ. ತಿದ್ದಿದೆ. ಯಾರಿಗೂ ಹೇಳಲಿಲ್ಲ. ಎಂ.ಎ. ಓದಿದ್ದರ ಉಪಯೋಗ ಸದ್ಯಕ್ಕೆ ಇಷ್ಟೇ.

ಮನೆಗೆ ಬಂದರೆ ಹಾಲ್‌ನಲ್ಲಿ ವಾದ. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಅಣ್ಣನ ಗೇಮಿಂಗ್ ಕಂಪ್ಯೂಟರಿನದು. ಇಂಜಿನಿಯರಿಂಗ್ ಓದುವಾಗ ಕೊಂಡದ್ದು. ಆಮೇಲೆ ಅರಳೆ ದಲಾಲಿ ಅಂಗಡಿಯಲ್ಲಿ ಲೆಕ್ಕಕ್ಕೆ ಇಟ್ಟುಕೊಂಡಿದ್ದ. ಈಗ ಅದು ಕುಂಟುತ್ತದೆ.

“ಮಾರಿಬಿಡ್ತೇನಿ. ಸುಮ್ನ ಜಾಗಾ ತಿನ್ನಾಕತ್ತೈತಿ.”

“ಮಾರಬ್ಯಾಡ್ರಿ,” ಎಂದರು ವೈನಿ. “ನಂಗ ಬೇಕದು.”

“ನಿನಗ್ಯಾಕ?”

“ಆಡಾಕ.”

ಅಣ್ಣ ನಕ್ಕ. ಅಡುಗೆಮನೆ ಬಾಗಿಲಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವ್ವನ ಕೈ ನಿಂತಿತು. ಅಣ್ಣನನ್ನು ಮದುವೆಯಾಗಿ ರಾಜೇಶ್ವರಿ ವೈನಿ ಈ ಮನೆಗೆ ಬಂದು ವರ್ಷವಾಯಿತು. ಇಲ್ಲಿಯವರೆಗೆ ಏನನ್ನೂ ಬೇಕು ಎಂದವರಲ್ಲ.

ವಿಷಯ ಹೀಗೆ. ವೈನಿ ಶಿರಗುಪ್ಪಿಯವರು, ಡಿಪ್ಲೊಮಾ ಇಲ್ಲೇ ಹುಬ್ಬಳ್ಳಿಯಲ್ಲಿ. ಹಾಸ್ಟೆಲಿನ ಗೆಳತಿಯರ ಜೊತೆ ಐದೈದು ಜನ ಎದುರುಬದುರು ಗುಂಡು ಹಾರಿಸುವ ಆಟವೊಂದನ್ನು ಆಡುತ್ತಿದ್ದರಂತೆ. ಆಗಿನ ಗೆಳತಿ ಸ್ಟೆಲ್ಲಾ ಈಗ ಧಾರವಾಡದಲ್ಲಿ ಹುಡುಗಿಯರ ತಂಡ ಕಟ್ಟಿದ್ದಾಳೆ. ಒಂದು ಜಾಗ ಖಾಲಿ ಇದೆ. ಹದಿನೆಂಟಕ್ಕೆ, ಭಾನುವಾರ, ಆಡಿಸಿ ನೋಡುತ್ತಾರೆ. ಮಷೀನು ತಡವರಿಸಿದರೆ ಆಟ ಮುಗಿದ ಹಾಗೆ.

ಅಣ್ಣ ಯೋಚಿಸಿ ಹೇಳಿದ: “ಆತು. ಆ ಭಾನುವಾರ ಛಲೋ ನಡದ್ರ ಇಟ್ಕೋ. ಇಲ್ಲಂದ್ರ ಮಾರೂದು. ಆದ್ರ ಅದಕ್ಕ ನಾ ರೊಕ್ಕಾ ಹಾಕಂಗಿಲ್ಲ.”

“ಕೇಳಿದವ್ರ ಯಾರ?” ಎಂದರು ವೈನಿ. ಮೆತ್ತಗೇ ಎಂದರು.

ಮೇ 6, ಮಂಗಳವಾರ

ವೈನಿ ಪೆಟ್ಟಿಗೆ ಬಿಚ್ಚಿದರು. ಅಣ್ಣನಿಗೆ ಬಲು ಪ್ರೀತಿಯ ಕ್ಯಾಬಿನೆಟ್ಟು — ಎದುರಿಗೆ ಗಾಜು, ಒಳಗೆ ಏಳು ಬಣ್ಣದ ದೀಪ. ದೀಪಗಳ ಹಿಂದೆ ಬರೀ ಅರಳೆ. ದಲಾಲಿ ಅಂಗಡಿಯ ಗಾಳಿಯೆಲ್ಲ ಒಳಗೆ ಹೋಗಿ ಕೂತಿದೆ. ಫ್ಯಾನಿನ ರೆಕ್ಕೆ ಕಾಣುವುದಿಲ್ಲ, ಮೊಲದ ಮರಿ ಮಲಗಿದಂತಿದೆ. ಬಣ್ಣದ ಬ್ರಷ್ಷಿನಿಂದ ವೈನಿ ಎಳೆ ಎಳೆಯಾಗಿ ತೆಗೆದರು. ನಾನು ಪೇಪರು ಹಿಡಿದು ನಿಂತಿದ್ದೆ. ಅಷ್ಟೇ ನನ್ನ ಕೆಲಸ.

ಅವ್ವ ಒಂದು ಉಂಡೆ ಎತ್ತಿ ಹೊಸೆದು ನೋಡಿದಳು. “ಒಗೀಬ್ಯಾಡ. ದೀಪಕ್ಕ ಬತ್ತಿ ಆಕ್ಕಾವು.”

ಮತ್ತೆ ಚಾಲೂ ಮಾಡಿದಾಗ ಮೊದಲಿನ ಬುಸುಬುಸು ಇಲ್ಲ. ಆದರೆ ಆಟ ಇನ್ನೂ ಕುಂಟುತ್ತದೆ. ವೈನಿ ಬೆರಳು ಮಡಚಿದರು: ರ‍್ಯಾಮ್ ಹೆಚ್ಚು ಬೇಕು, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಬೇಕು, ಗ್ರಾಫಿಕ್ಸ್ ಕಾರ್ಡು ಬದಲಾಗಬೇಕು.

“ರೊಕ್ಕಾ?” ಎಂದೆ.

“ಭಾಂಡೇದಾಕಿ ಹಳೇ ಸೀರಿ ತೊಗೊಂಡು ಹೊಸಾ ಪಾತೇಲಿ-ಪಾತ್ರಿ ಕೊಡ್ತಾಳಲ್ಲ, ಆಕಿಗೆ ಯಾರರ ರೊಕ್ಕಾ ಕೊಡ್ತಾರೇನ್ರಿ ಮೈದುನರ?”

ಮೇ 8, ಗುರುವಾರ

ಗೋಕುಲ ರಸ್ತೆ. ಮೌಲಾಲಿಯವರ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಅಂಗಡಿ. ವೈನಿ ಮುಂದೆ, ನಾನು ಹಿಂದೆ. ಮೌಲಾಲಿ ನೋಡಿದ್ದು ಮಾತ್ರ ನನ್ನನ್ನು.

“ಬರ್ರಿ ಸರ್. ಪ್ರೊಸೆಸರ್ ಯಾವ್ದೈತ್ರಿ?”

ನಾನು ವೈನಿಯನ್ನು ನೋಡಿದೆ. ವೈನಿ ಹೇಳಿದರು.

“ಪವರ್ ಸಪ್ಲೈ ಎಷ್ಟರದೈತಿ ಸರ್?”

ಮತ್ತೆ ನೋಡಿದೆ. ಮತ್ತೆ ಅವರೇ ಹೇಳಿದರು. ಮೂರನೆಯ ಸಲ ಮೌಲಾಲಿ ನಕ್ಕರು. “ಸರ್, ನೀವು ವಕೀಲ್ರೇನ್ರಿ ಅಥವಾ ಕಕ್ಷಿದಾರರ?” ಎಂದವರು ಕುರ್ಚಿಯನ್ನೇ ವೈನಿಯ ಕಡೆ ತಿರುಗಿಸಿಕೊಂಡರು. ನನಗೆ ಎಷ್ಟು ಹಗುರವಾಯಿತು!

ಮೂಲೆಯಲ್ಲಿ ಗೋಣಿಚೀಲದ ತುಂಬ ರ‍್ಯಾಮ್ ಪಟ್ಟಿಗಳು. ಮುಚ್ಚಿದ ಆಫೀಸೊಂದರಿಂದ ಬಂದ ಮಾಲು. ಯಾವುದು ಬದುಕಿದೆ, ಯಾವುದು ಸತ್ತಿದೆ, ನೋಡಲು ಪುರುಸೊತ್ತಿಲ್ಲವಂತೆ.

“ಎಲ್ಲಾ ನಾ ನೋಡಿ ಆರಿಸಿ ಕೊಡ್ತೇನ್ರಿ,” ಎಂದರು ವೈನಿ. “ಅದರಾಗ ಎರಡು ನನ್ನವು. ಮ್ಯಾಲೊಂದು ಸಣ್ಣ ಎಸ್‌ಎಸ್‌ಡಿ.”

“ಎಸ್‌ಎಸ್‌ಡಿ ಯಾಕ್ರಿ ಅಕ್ಕಾರ?”

“ಜ್ವಾಳಾ ಹಸನ ಮಾಡಿದಾಕಿಗೆ ಒಂದ್ ಸೇರು ಬಿಡಾಂಗಿಲ್ಲೇನ್ರಿ?”

ಮೌಲಾಲಿ ಮಾರುಹೋದರು. ನಾನಂತೂ ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಮೆಲುಕು ಹಾಕಿದೆ. ಎಲ್ಲಿಂದ ಬರುತ್ತವೆ ಇವರಿಗೆ?

ಮೇ 11, ಭಾನುವಾರ

ಮೌಲಾಲಿಯವರ ಅಂಗಡಿಯಲ್ಲಿ ಎರಡು ಮಧ್ಯಾಹ್ನ ಕೂತು ವೈನಿ ಗೋಣಿಚೀಲ ಖಾಲಿ ಮಾಡಿದರು. ತಮ್ಮ ಪಾಲಿನವನ್ನು ಬೇರೆ ಇಟ್ಟು, ಪ್ರೆಸ್ಸಿನಿಂದ ಬರುವಾಗ ತನ್ನಿರೆಂದು ನಿನ್ನೆ ನನಗೆ ಹೇಳಿದರು. ಅಲ್ಲಿ ಟೇಬಲ್ಲಿನ ಮೇಲೆ ಎರಡು ಕವರು. ಒಂದರ ಮೇಲೆ 3, ಇನ್ನೊಂದರ ಮೇಲೆ 4. ಕೇಳಲು ಸಂಕೋಚ. ನಾಲ್ಕು ದೊಡ್ಡದಲ್ಲವೇ? ತಂದೆ.

ಮನೆಯಲ್ಲಿ ಹೆಮ್ಮೆಯಿಂದ ನಾನೇ ಕೂಡಿಸಲು ಹೋದೆ. ಕೂಡಲಿಲ್ಲ. ಒತ್ತಿದೆ.

“ಅಯ್ಯ, ಒತ್ತಬ್ಯಾಡ್ರಿ! ನಮ್ಮದು ಮೂರನೇ ನಮೂನಿ, ಇದು ನಾಕನೇದು. ಇದರ ಕಚ್ಚು ಬ್ಯಾರೆ, ಅದರ ಕಚ್ಚು ಬ್ಯಾರೆ. ಸಾಯೂತನಕ ಒತ್ತಿದ್ರೂ ಕೂಡಂಗಿಲ್ಲ.”

ವ್ಯಾಕರಣದಲ್ಲಿ ಇದಕ್ಕೆ ಪ್ರಕೃತಿಭಾವ ಎನ್ನುತ್ತಾರೆ — ಎರಡು ಪದ ಪಕ್ಕಪಕ್ಕ ಕೂತರೂ ಸಂಧಿಯಾಗದು. ಹೇಳಬೇಕೆನಿಸಿತು. ಹೇಳಲಿಲ್ಲ.

“ನೀವ ತಂದೀರಿ, ನೀವ ಬದಲಿಸ್ಕೊಂಡ್ ಬರ್ರಿ,” ಎಂದರು. ಇಂದು ಹೋದೆ. ಮೌಲಾಲಿಯವರ ಮುಂದೆ ಒಂದು ಪೂರ್ತಿ ವಾಕ್ಯ ಆಡಿದೆ. ಕ್ರಿಯಾಪದ ಸಮೇತ.

ಮೇ 14, ಬುಧವಾರ

ಜಗಳ. ಬರೆಯಲು ಮನಸ್ಸಿಲ್ಲ, ಆದರೂ...

ಗ್ರಾಫಿಕ್ಸ್ ಕಾರ್ಡು ಸಿಕ್ಕಿತು. ನಮ್ಮ ಹಳೆಯ ಪವರ್ ಸಪ್ಲೈ ತಡೆದುಕೊಳ್ಳುವಂಥದ್ದನ್ನೇ ವೈನಿ ಹುಡುಕಿದರು. ಕೂಡಿಸಿ ನೋಡಲು ಮಷೀನನ್ನೇ ಅಂಗಡಿಗೆ ಒಯ್ದಿದ್ದೆವು; ಬದಲಿಗೆ ಹಳೆಯ ಕಾರ್ಡು ಕೊಟ್ಟರು. ಸಾಲಲಿಲ್ಲ. ಮೌಲಾಲಿಯವರ ಕಣ್ಣು ಕ್ಯಾಬಿನೆಟ್ಟಿನ ಮೇಲೆ — ದೀಪ ನೋಡಿಯೇ ಕೊಳ್ಳುವ ಗಿರಾಕಿಗಳಿದ್ದಾರಂತೆ. ವೈನಿ ಅದರ ಗಾಜು ಒಮ್ಮೆ ಸವರಿದರು. “ದೀಪಾ ಆಟಾ ಆಡಂಗಿಲ್ಲ,” ಎಂದು ತಮಗೇ ಹೇಳಿಕೊಂಡರು. ಅಲ್ಲೇ ಕೂತು ಎಲ್ಲ ಬಿಚ್ಚಿ, ಪೆಟ್ಟಿಗೆ ಕೊಟ್ಟುಬಿಟ್ಟರು. ಆಟೋದಲ್ಲಿ ಮದರ್‌ಬೋರ್ಡು ಅವರ ತೊಡೆಯ ಮೇಲೆ, ಹಾಲು ಕುಡಿದು ಮಲಗಿದ ಕೂಸಿನಂತೆ. ಪವರ್ ಸಪ್ಲೈ ನನ್ನ ತೊಡೆಯ ಮೇಲೆ, ವೈರುಗಳು ನನ್ನ ಕೊರಳಿಗೆ.

ಸಂಜೆ ಅಣ್ಣ ಬಂದ. ಮೂಲೆ ನೋಡಿದ.

“ಪೆಟಗಿ ಎಲ್ಲಿ?”

“ಕೊಟ್ನಿ.”

“ನನ್ನ ಕೇಳದ?”

“ಮಾರಾವ್ರಿದ್ರಿ ನೀವು, ನನ್ನ ಕೇಳಿದ್ರೇನ?”

ಅಣ್ಣ ಊಟಕ್ಕೆ ಬರಲಿಲ್ಲ. ನನಗೆ ಇಬ್ಬರ ಮಾತೂ ಖರೆ ಅನಿಸಿತು. ಆ ದೀಪಗಳನ್ನು ನೋಡುತ್ತ ಅವನು ಎಷ್ಟು ಸಂಜೆ ಕೂತಿದ್ದನೆಂದು ನನಗೆ ಗೊತ್ತು.

ಮೇ 17, ಶನಿವಾರ

ಮೂರು ದಿನ ಗಂಡ-ಹೆಂಡತಿ ಮಾತಿಲ್ಲ. ಉಪ್ಪು ಬೇಕಾದರೆ ಅಣ್ಣ ನನಗೆ ಹೇಳುತ್ತಾನೆ, ನಾನು ವೈನಿಗೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ಮಾತಾಡುವವನು ನಾನೇ ಆಗಿಬಿಟ್ಟೆ.

ಇಂದು ಜೋಡಣೆ. ಪೆಟ್ಟಿಗೆ ಇಲ್ಲವಲ್ಲ — ವೈನಿ ಅಟ್ಟದಿಂದ ಕಟ್ಟಿಗೆಯ ಮಣೆ ಇಳಿಸಿ, ಒರೆಸಿ, ಅದರ ಮೇಲೆ ಎಲ್ಲವನ್ನೂ ಹರವಿ ಕೂಡಿಸಿದರು. ಹಸಿಮೆಣಸಿನಕಾಯಿ ಕೇಳಲು ಬಂದ ಪಕ್ಕದ ಮನೆಯ ಅಂಬಾಬಾಯಿ ಬಾಗಿಲಲ್ಲೇ ನಿಂತರು.

“ರತ್ನವ್ವಾ, ಇದು ನಿನ್ನ ಸೊಸಿ ಮದುವಿ ಮಣಿ ಅಲ್ಲೇನ?”

“ಹೌದವಾ,” ಎಂದಳು ಅವ್ವ. “ಹೋದ ವರ್ಷ ಆಕಿ ಕುಂತಿದ್ಲು, ಈ ವರ್ಷ ಇದನ್ನ ಕುಂದ್ರಿಸ್ಯಾಳ.”

“ಹಂಗಾರ ಗಂಡನ ಹೆಸರು ಹೇಳ್ಬೇಕು! ಹೆಸರು ಹೇಳದ ಗುಂಡಿ ಒತ್ತೂಹಂಗಿಲ್ಲ.”

“ಗುಂಡೀನ ಇಲ್ರಿ ಮಾವಶಿ. ಪೆಟಗಿ ಜೋಡಿ ಹೋತು,” ಎಂದರು ವೈನಿ. ಸ್ಕ್ರೂಡ್ರೈವರಿನ ತುದಿಯಿಂದ ಬೋರ್ಡಿನ ಎರಡು ಮುಳ್ಳು ಮುಟ್ಟಿಸಿದರೆ ಚಾಲೂ ಆಗುತ್ತದಂತೆ. ಅಂಬಾಬಾಯಿ ಸ್ಕ್ರೂಡ್ರೈವರನ್ನೇ ಕಸಿದು ಸೆರಗಿನಲ್ಲಿ ಮುಚ್ಚಿದರು. ಹೊರಗೆ ಪಡಸಾಲೆಯಲ್ಲಿ ಅಣ್ಣನ ಪೇಪರು ಅಲುಗಲಿಲ್ಲ.

ವೈನಿ ಕೆಂಪಾದರು. ಬೋರ್ಡು ನೋಡಿದರು, ಬಾಗಿಲು ನೋಡಿದರು. ಆಮೇಲೆ ಹೇಳಿದರು, ಹೊರಗೆ ಕೇಳುವಷ್ಟು ಗಟ್ಟಿಯಾಗಿ:

“ಬೆಳಕಿನ ಪೆಟಗಿ ಕೊಟ್ಟೆ, ಬಿರುಸಿನ ಕಾರ್ಡು ತಂದೆ;
ವಿಶಾಲ ಅವರ ಸಿಟ್ಟಿಗೆ ಮಣಿ ಹಾಕಿ ಕೈಮುಗಿದು ನಿಂದೆ.”

ಒಡಪು — ಗಂಡನ ಹೆಸರು ಹೆಣೆದು ಕಟ್ಟುವ ಪದ್ಯ! ಎಂ.ಎ.ಯಲ್ಲಿ ಜನಪದ ಸಾಹಿತ್ಯದ ಪತ್ರಿಕೆಗೆ ಓದಿ ಟಿಪ್ಪಣಿ ಬರೆದಿದ್ದೆ. ಕಣ್ಣೆದುರು ಹುಟ್ಟಿದ್ದನ್ನು ನೋಡಿದ್ದು ಇದೇ ಮೊದಲು. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪಡಸಾಲೆಯಿಂದ ಕೆಮ್ಮು. ಅಣ್ಣ ಬಂದು ಅಂಬಾಬಾಯಿಯ ಮುಂದೆ ಕೈ ಚಾಚಿದ. “ಕೊಡ್ರಿ ಮಾವಶಿ. ನಾ ಮುಟ್ಟಸ್ತೇನಿ.”

ಫ್ಯಾನು ತಿರುಗಿತು.

ಮೇ 18, ಭಾನುವಾರ

ನಾಲ್ಕಕ್ಕೆ ಶುರು. ಬಿಸಿಲು. ಮೇಲಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವುತ್ತಿತ್ತು. ಟೇಬಲ್ ಫ್ಯಾನು ಅಣ್ಣನ ಅಂಗಡಿಯಲ್ಲಿ. ಪರದೆಯ ಮೂಲೆಯಲ್ಲಿ ಕಾರ್ಡಿನ ಉಷ್ಣಾಂಶ ಏರುವುದನ್ನು ನೋಡಿ ವೈನಿ ತುಟಿ ಕಚ್ಚಿದರು. ಅವ್ವ ಏನೂ ಕೇಳದೆ ಜೋಳ ಕೇರುವ ಮೊರ ತಂದು ಮಣೆಗೆ ಗಾಳಿ ಹಾಕತೊಡಗಿದಳು.

“ಇವ್ರಿಗೆ ಯಾಕ ಗುಂಡ ಹೊಡೀತಿ? ಪಾಪ, ಏನ್ ಮಾಡ್ಯಾರವ್ರು?”

“ಅತ್ತಿ, ಸುಮ್ನಿರ್ರಿ!”

ಸ್ವಲ್ಪ ಹೊತ್ತಿಗೆ ಅಣ್ಣ ಮೊರ ತೆಗೆದುಕೊಂಡ. “ಕೊಡಬೇ, ನಿನ್ನ ರಟ್ಟಿ ನೋಯ್ತಾವ.” ಮತ್ತೆ ಕೊನೆಯವರೆಗೂ ಬಿಡಲಿಲ್ಲ. ಬನಿಯನ್ ತೊಯ್ದು ಬೆನ್ನಿಗೆ ಅಂಟಿತ್ತು.

ನಾನು ನೋಡಿದ್ದು ವೈನಿಯನ್ನು. ರೊಟ್ಟಿ ಬಡಿಯುವಾಗ ಇರುವ ಅದೇ ಮುಖ — ಅವಸರವಿಲ್ಲ, ಕೈ ಮಾತ್ರ ಮಿಂಚು. ಆದರೆ ದನಿ ಬೇರೆ. “ಸ್ಟೆಲ್ಲಾ, ಹಿಂದ ಬಾ! ಇಬ್ಬರು ಮ್ಯಾಲ ಅದಾರ! ಲಗೂ!” ಈ ದನಿ ವರ್ಷವಿಡೀ ನಮ್ಮ ಮನೆಯಲ್ಲೇ ಇತ್ತು. ನಾವು ಕೇಳಿರಲಿಲ್ಲ.

ಮೂರು ಆಟದಲ್ಲಿ ಎರಡು ಸೋತರು. ಮಷೀನು ಒಮ್ಮೆಯೂ ತಡವರಿಸಲಿಲ್ಲ. ತಿಳಿಸುತ್ತೇವೆ ಎಂದಳು ಸ್ಟೆಲ್ಲಾ.

ಮೇ 21, ಬುಧವಾರ

ಸ್ಟೆಲ್ಲಾ ಫೋನು. ತೆಗೆದುಕೊಂಡರು! ಗುರಿಗಿಂತ ಹೆಚ್ಚಾಗಿ, ಎದುರಾಳಿ ಎಲ್ಲಿದ್ದಾನೆಂದು ವೈನಿ ಕೂಗಿ ಹೇಳುವ ರೀತಿ ಬೇಕಂತೆ.

ಆದರೆ ವೈನಿ ಖುಷಿಪಡಲಿಲ್ಲ. ದಿನಾ ಎಂಟರಿಂದ ಹತ್ತು ಅಭ್ಯಾಸ, ತಪ್ಪಿಸುವ ಹಾಗಿಲ್ಲ. ಎಂಟಕ್ಕೆ ಅಣ್ಣ ಅಂಗಡಿಯಿಂದ ಬರುತ್ತಾನೆ. ಬಿಸಿ ರೊಟ್ಟಿ, ಬಡಿಸುವುದು, ಎಲ್ಲ ಆಗಲೇ. “ಮನ್ಯಾಗ ಕೇಳಿ ಹೇಳ್ತೇನಿ,” ಎಂದು ಫೋನ್ ಇಟ್ಟರು. ದನಿ ಮತ್ತೆ ಹಳೆಯ ದನಿ.

ಊಟಕ್ಕೆ ಕೂತಾಗ ಹೇಳಿದರು. ನಾನು — ನಾನೇ — ಬಾಯಿ ತೆರೆದೆ. “ಹೋಗ್ಲಿ ಬಿಡಬೇ, ಆಡ್ಲಿ.” ಎಲ್ಲರೂ ನನ್ನ ಕಡೆ ತಿರುಗಿದರು.

ಅವ್ವ ಮಜ್ಜಿಗೆ ಕುಡಿದು ಲೋಟ ಇಟ್ಟಳು. “ರೊಟ್ಟಿ ಏಳಕ್ಕ ಮಾಡಿ ಇಡ್ತೇವಿ.”

“ನಾ ಬರೂದ ಎಂಟಕ್ಕ,” ಎಂದ ಅಣ್ಣ.

“ಬಾ. ನೀನ ತಾಟಿಗೆ ಹಚ್ಕೊಂಡು ಉಣ್ಣು.”

“ನಾನ?”

“ಕಂಪ್ಯೂಟರಿಗೆ ಎರಡ್ ತಾಸು ಗಾಳಿ ಹಾಕಾಕ ಬಂತು, ತಾಟಿಗೆ ರೊಟ್ಟಿ ಹಚ್ಕೊಳಾಕ ಬರಂಗಿಲ್ಲೇನ?”

ವೈನಿ ತಲೆ ತಗ್ಗಿಸಿಕೊಂಡೇ ನಕ್ಕರು. ಹೆಗಲು ಮಾತ್ರ ಅಲುಗಿತು.

ಮೇ 26, ಸೋಮವಾರ, ರಾತ್ರಿ 8:20

ಮೊದಲ ಅಭ್ಯಾಸ. ಮಷೀನು ಈಗ ಅಣ್ಣ-ವೈನಿಯ ಕೋಣೆಯಲ್ಲಿ, ಬಾಗಿಲು ಮುಚ್ಚಿದೆ. ಅವ್ವ ಅಂಬಾಬಾಯಿಯ ಮನೆಗೆ ಹೋಗಿದ್ದಾಳೆ, ಬೇಕೆಂದೇ. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಣ್ಣ ಒಂದೊಂದೇ ಮುಚ್ಚಳ ಎತ್ತಿ ಇಣುಕುತ್ತಿದ್ದಾನೆ. ರೊಟ್ಟಿ ಸಿಕ್ಕವು. ಪಲ್ಯ ಸಿಕ್ಕಿತು. ಶೇಂಗಾ ಚಟ್ನಿಯ ಡಬ್ಬಿ ಇಲ್ಲ.

“ಶಿವೂ, ಎಲ್ಲಿ ಇಡ್ತಾಳೋ?”

ಗೊತ್ತಿಲ್ಲ ಎಂದೆ. ಇಬ್ಬರೂ ಈ ಮನೆಯಲ್ಲೇ ಬೆಳೆದವರು.

“ಕೇಳೂಣೇನ?” ಅಂದ. ಬಾಗಿಲವರೆಗೆ ಹೋದ. ಬಡಿಯಲು ಎತ್ತಿದ ಕೈ ಹಾಗೇ ಇಳಿಸಿ ತಿರುಗಿ ಬಂದ. ಮತ್ತೆ ಬಲಗಡೆಯ ಮಾಡ, ಮತ್ತೆ ಅದೇ ಡಬ್ಬಿಗಳು. ಅಷ್ಟರಲ್ಲಿ ಕೋಣೆಯೊಳಗಿನಿಂದ, ತಮ್ಮ ತಂಡಕ್ಕೆ, ವೈನಿಯ ದನಿ — “ಎಡಕ್ಕ! ಎಡಕ್ಕ ನೋಡು, ಅಲ್ಲೇ ಐತಿ!”

ಅಣ್ಣ ನನ್ನ ಮುಖ ನೋಡಿದ. ಎಡಕ್ಕೆ ತಿರುಗಿದ. ಉಪ್ಪಿನ ಡಬ್ಬಿ ಸರಿಸಿದ. ಅದರ ಹಿಂದೆ —