ಅಂಚಿನ ಬಾಣ

ಕುರಾಯೋಶಿ
ಏಪ್ರಿಲ್ 27, ಶನಿವಾರ

ಪ್ರೀತಿಯ ಮಸುಮಿ,

ಇಲ್ಲಿ ಚೆರಿ ಹೂವೆಲ್ಲ ಉದುರಿ, ಶಾಲೆಯ ಅಂಗಳ ಗುಡಿಸುವ ಕೆಲಸವೂ ಮುಗಿಯಿತು. ನಿಮ್ಮ ಸೆಂದೈಯಲ್ಲೂ ಚಳಿ ಬಿಟ್ಟಿರಬೇಕು. ನಿನ್ನ ಕಾಗದ ಬಂದು ಮೂರು ವಾರವಾಯಿತು. ನೀನು ಬೈದರೆ ಬೈಸಿಕೊಳ್ಳುತ್ತೇನೆ, ತಪ್ಪು ನನ್ನದೇ. ಜೊತೆಗೆ ಕಳಿಸಿದ್ದ ಮೀನಿನ ಕಡುಬನ್ನು ನಮ್ಮತ್ತೆ ಎರಡೇ ದಿನದಲ್ಲಿ ಮುಗಿಸಿ, "ನಿನ್ನ ಗೆಳತಿ ಕೈ ಸ್ವಲ್ಪ ಬಿಗಿ ಕಣೇ" ಅಂದರು. ವಯಸ್ಸು ಎಂಬತ್ತೆರಡಾದರೂ ನಾಲಿಗೆಗೆ ಇನ್ನೂ ಹದಿನೆಂಟೇ.

ನಿನ್ನ ಇಬುಕಿ ಹೈಸ್ಕೂಲು ಸೇರಿದ ಸುದ್ದಿ ಓದಿ ಹಿಗ್ಗಿದೆ. ಅದರ ಕೆಳಗಿನ ಸಾಲುಗಳನ್ನು ಓದಿದ ಮೇಲೆ ಕಾಗದ ಮಡಿಚಿ ಒಳಗಿಟ್ಟುಬಿಟ್ಟೆ. ಅವಳಿಗೆ ಬಿಲ್ಲುಗಾರಿಕೆ ಸಂಘವೇ ಬೇಕಂತೆ, ಫಾರಂ ತುಂಬಿಸಿಟ್ಟುಕೊಂಡು ಕೂತಿದ್ದಾಳಂತೆ. ನೀನು ಮಾತ್ರ ತಾಯಿಯ ಒಪ್ಪಿಗೆಯ ಮುದ್ರೆ ಒತ್ತಿಕೊಡುತ್ತಿಲ್ಲ. "ನಮ್ಮ ಮನೆ ಕೈಗೆ ಕೊನೇ ಬಾಣ ಒಲಿಯಲ್ಲ ತೋಮೋಯೆ. ನನ್ನ ಹಾಗೇ ಕೊನೇ ಗಳಿಗೇಲಿ ನಡುಗಿ, ಎಲ್ಲರ ಮುಂದೆ ತಲೆ ತಗ್ಗಿಸೋದು ಅವಳಿಗೆ ಬೇಡ. ಹತ್ತಿರದಿಂದ ನೋಡಿದವಳು ನೀನು. ಚಹಾ ಸಂಘಕ್ಕೋ ಹೂವಿನ ಸಂಘಕ್ಕೋ ಸೇರು ಅಂತ ನೀನೇ ಅವಳಿಗೊಂದು ಕಾಗದ ಬರಿ, ನಿನ್ನ ಮಾತಾದ್ರೆ ಕೇಳ್ತಾಳೆ" ಎಂದು ಬರೆದಿದ್ದೀಯ. ನಾಲ್ಕು ಸಲ ಪೆನ್ನು ಹಿಡಿದೆ. ನಾಲ್ಕು ಸಲವೂ ಏನಾದರೊಂದು ನೆಪ ಸಿಕ್ಕಿತು.

ಮೊದಲು ನಿನ್ನೆಯ ಸಂಗತಿ ಹೇಳುತ್ತೇನೆ, ಕೇಳು.

ನಾವಿಬ್ಬರೂ ಓದುವಾಗ ಬಿಲ್ಲು ಹಿಡಿದ ಶಾಲೆಯ ಅದೇ ಶೆಡ್ಡು, ಎದುರಿಗೆ ಗುರಿ ನೆಡುವ ಅದೇ ಮರಳ ದಿಬ್ಬ. ನಾನು ಅಲ್ಲಿನ ಸಂಘ ನೋಡಿಕೊಳ್ಳಲು ಶುರುಮಾಡಿ ಇಪ್ಪತ್ತೆರಡು ವರ್ಷವಾಯಿತು. ನಮಗೆ ಕಲಿಸಿದ ಕಾಜಿತಾನಿ ಮೇಷ್ಟ್ರ ಪದ್ಧತಿಯೂ ಹಾಗೇ ನಡೆದಿದೆ. ನೆನಪಿದೆಯಲ್ಲ? ತಂಡದ ಒಂದು ಜಾಗಕ್ಕೆ ಇಬ್ಬರು ಸಮಸಮ ಬಂದರೆ, ತಲಾ ಒಂದು ಬಾಣ. ಮೊದಲು ಹೊಡೆದವಳು ದಿಬ್ಬದ ಹತ್ತಿರ ಹೋಗಿ ನಿಂತು, ಎದುರಾಳಿಯ ಬಾಣ ಬಿತ್ತೋ ತಪ್ಪಿತೋ ನೋಡಿ ಹೇಳಬೇಕು. ಬೇರೆ ತೀರ್ಪುಗಾರರಿಲ್ಲ. "ಎದುರಾಳಿ ಕಣ್ಣಿಗಿಂತ ದೊಡ್ಡ ಸಾಕ್ಷಿ ಬೇಕೇನ್ರೇ?" ಎನ್ನುತ್ತಿದ್ದರು ಮೇಷ್ಟ್ರು.

ಜೂನ್ ಪಂದ್ಯಕ್ಕೆ ಮೂವರ ತಂಡ ಹೋಗಬೇಕು. ಇಬ್ಬರು ಗೊತ್ತಾಗಿದ್ದರು. ಮೂರನೆಯ ಜಾಗಕ್ಕೆ ನಗಿಸಾ ಮತ್ತು ಸುಜುನೆ ವಾರವಿಡೀ ಹೊಡೆದೂ ಸಮಸಮ. ನಗಿಸಾ ಕೊನೆಯ ವರ್ಷದವಳು, ಈ ಪಂದ್ಯ ತಪ್ಪಿದರೆ ಅವಳಿಗೆ ಇನ್ನೊಂದಿಲ್ಲ, ಆಮೇಲೆ ಬರೀ ಪರೀಕ್ಷೆ ಓದು. ಸುಜುನೆ ಎರಡನೆಯ ವರ್ಷದವಳು. ಅವಳಿಗೂ ಆಸೆ ಕಡಿಮೆಯೇನಲ್ಲ, ಬೆಳಿಗ್ಗೆ ಆರೂವರೆಗೇ ಬಂದು ಬಾಗಿಲು ತೆಗೆಯುವ ಹುಡುಗಿ.

ನಮ್ಮ ಪದ್ಧತಿಯ ಸುದ್ದಿ ನಗಿಸಾಳ ತಾಯಿಯ ಕಿವಿಗೆ ಬಿತ್ತು. ಅವರು ನೇರ ಉಪಪ್ರಾಂಶುಪಾಲ ಓಗುಶಿಯವರ ಬಳಿ ಹೋದರು. ಓಗುಶಿ ನನ್ನನ್ನು ಕರೆಸಿ, "ಮೇಡಂ, ಇದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಲ್ವಾ?" ಅಂದರು.

"ನನ್ನ ಮಕ್ಕಳು ಕಳ್ಳರಲ್ಲ ಸಾರ್."

"ಮಕ್ಕಳ ವಿಷ್ಯ ಅಲ್ಲ. ಪದ್ಧತಿ ವಿಷ್ಯ ಹೇಳ್ತಿರೋದು."

ನನಗೆ ಮೈಯೆಲ್ಲ ಉರಿಯಿತು. ನಾನಿರುವವರೆಗೆ ಇದು ಇರುತ್ತದೆ ಎಂದುಬಿಟ್ಟೆ. "ಹಾಗಾದ್ರೆ ನಾವೂ ಬಂದು ನೋಡ್ತೀವಿ" ಎಂದರು.

ನಿನ್ನೆ ಸಂಜೆ ಓಗುಶಿ, ನಗಿಸಾಳ ತಾಯಿ ಇಬ್ಬರೂ ಬಂದು ಹಿಂದಿನ ಚಾಪೆಯ ಮೇಲೆ ಕೂತರು. ಸುಜುನೆ ಮೊದಲು ನಿಂತಳು. ಅವಳ ಬಾಣ ಮರದ ಬಳೆಗೆ ಬಿಗಿದ ಗುರಿಯ ಕಾಗದ ತೂರಿ 'ಪಟ್' ಎಂದಿತು. ಅವಳು ಬಿಲ್ಲು ಇಳಿಸಿ, ಸುತ್ತು ಹಾದಿಯಲ್ಲಿ ಓಡಿ ದಿಬ್ಬದ ಪಕ್ಕ ನಿಂತಳು. ಈಗ ನಗಿಸಾ ತಪ್ಪಿದರೆ ಜಾಗ ಸುಜುನೆಯದು. ಹೊಡೆದರೆ ಇನ್ನೊಂದು ಸುತ್ತು.

ನಗಿಸಾ ಬಾಣ ಬಿಟ್ಟಳು. ಸದ್ದು ಕಾಗದದ್ದೋ ಮರದ್ದೋ ತಿಳಿಯಲಿಲ್ಲ. ಬಾಣವೇನೋ ಗುರಿಯ ಕೆಳಗಿನ ಅಂಚಿನಲ್ಲಿ ನಿಂತಿತ್ತು. ಮರದಂಚಿನ ಒಳಗೆ ಕಾಗದ ತೂರಿದ್ದರೆ ಬಿದ್ದಂತೆ, ಹೊರಗಿನಿಂದ ಮರಕ್ಕೆ ನಾಟಿದ್ದರೆ ತಪ್ಪಿದಂತೆ. ಇಪ್ಪತ್ತೆಂಟು ಮೀಟರ್ ದೂರದಿಂದ ಯಾವ ಕಣ್ಣಿಗೂ ಅದು ಕಾಣದು. ನಮ್ಮ ಅಭ್ಯಾಸದ ಕಾಗದವೋ ಹಳೆ ತೂತುಗಳಿಂದ ಜರಡಿಯಾಗಿರುತ್ತದೆ. ಬಾಣ ಕಿತ್ತಮೇಲೆ ಬ್ರಹ್ಮ ಬಂದರೂ ಹೇಳಲಾರ.

ಸುಜುನೆ ಬಗ್ಗಿ ನೋಡಿದಳು. ಬಗ್ಗಿದವಳು ಏಳಲೇ ಇಲ್ಲ.

"ನೋಡಿ, ಎಷ್ಟೊತ್ತು ಯೋಚ್ನೆ ಮಾಡ್ತಿದಾಳೆ" ಎಂದರು ನಗಿಸಾಳ ತಾಯಿ, ನನಗೆ ಕೇಳಿಸಲೆಂದೇ. ಓಗುಶಿ ಗಂಟಲು ಸರಿಮಾಡಿಕೊಂಡರು. ನಗಿಸಾ ಬಿಲ್ಲು ಇಳಿಸದೆ ನಿಂತೇ ಇದ್ದಳು. ಆ ಹೊತ್ತಿನಲ್ಲಿ ನಾನು ಮನಸ್ಸಿನಲ್ಲಿ ಏನು ಬೇಡಿಕೊಂಡೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಸುಜುನೆ ಎದ್ದು, ಎರಡೂ ತೋಳು ತಲೆಯ ಮೇಲೆತ್ತಿ ದುಂಡಗೆ ಕೂಡಿಸಿದಳು. ಬಿದ್ದಿದೆ ಎಂದರ್ಥ.

ಎರಡನೆಯ ಸುತ್ತಿಗೆ ಅವಳು ಓಡಿ ವಾಪಸ್ ಬರಬೇಕಾಯಿತು. ಏದುಸಿರು ಇಳಿಯುವ ಮೊದಲೇ ಹೊಡೆದಳು, ಬಾಣ ಮರಳಿಗೆ ಹೋಯಿತು. ಮತ್ತೆ ಹೋಗಿ ದಿಬ್ಬದ ಪಕ್ಕ ನಿಂತಳು. ಈ ಸಲ ನಗಿಸಾಳದು ನಟ್ಟನಡುವೆ ಬಿತ್ತು. ಸುಜುನೆ ಮತ್ತೆ ತೋಳೆತ್ತಿದಳು. ಬಾಣದ ಮೊನೆಯ ಮರಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ತಂದು, "ನಿಮ್ಮ ಬಾಣ, ಅಕ್ಕ" ಎಂದಳು. ನಗಿಸಾ ತಲೆಬಾಗಿ ತೆಗೆದುಕೊಂಡಳು. ಅವಳ ತಾಯಿ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಎಲ್ಲರೂ ಹೋದಮೇಲೆ ಸುಜುನೆಯನ್ನು ಕೇಳಿದೆ, "ಅಷ್ಟು ಹೊತ್ತು ಯಾಕೆ ಬಗ್ಗಿದ್ದೆ?"

"ತೀರಾ ಅಂಚಲ್ಲಿತ್ತು ಮೇಡಂ. ಆದ್ರೆ ಒಳಗಿತ್ತು."

"ಹೊರಗೆ ಅಂದ್ಬಿಡೋಣ ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಅದಕ್ಕೇ ಹೊತ್ತಾಯ್ತು." ಮೂಗೊರೆಸಿಕೊಂಡು ನನ್ನ ಮುಖ ನೋಡಿದಳು. "ನಿಮಗೆ ಯಾವತ್ತಾದ್ರೂ ಹಾಗನ್ನಿಸಿತ್ತಾ ಮೇಡಂ?"

"ಹೋಗು, ಚಾಪೆ ಸುತ್ತಿಡು" ಅಂದೆ.

ಅಲ್ಲಿಂದ ಓಗುಶಿಯವರ ಕೋಣೆಗೆ ಹೋಗಿ, ಮುಂದಿನ ಸಲದಿಂದ ಹೊರಗಿನವರೊಬ್ಬರು ತೀರ್ಪು ಹೇಳಲಿ, ಈ ಪದ್ಧತಿ ನಿಲ್ಲಿಸೋಣ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇವತ್ತು ಗೆದ್ದಿದ್ದು ನೀವೇ ಅಲ್ವಾ ಮೇಡಂ?"

"ಸಾಕು ಸಾರ್" ಎಂದು ಎದ್ದು ಬಂದೆ.

ನಿಮ್ಮ ಯಜಮಾನರ ಮಂಡಿನೋವು ಹೇಗಿದೆ? ಬೆಚ್ಚಗಿರಲಿಕ್ಕೆ ಹೇಳು. ನೀನೂ ಹೊತ್ತು ಹೊತ್ತಿಗೆ ಊಟ ಮಾಡು, ಎಲ್ಲರಿಗೂ ಬಡಿಸಿ ಉಳಿದದ್ದು ತಿನ್ನುವ ನಿನ್ನ ಅಭ್ಯಾಸ ನನಗೆ ಗೊತ್ತು. ಇಬುಕಿಗೆ ನನ್ನ ತುಂಬು ಆಶೀರ್ವಾದ. ಅವಳು ಕೈಯಿಟ್ಟದ್ದೆಲ್ಲ ಕೈಹಿಡಿಯಲಿ.

ನಿನ್ನ
ತೋಮೋಯೆ

ಮತ್ತೆ: ಮರೆತ ಮಾತು ಎಂದು ಬರೆಯಹೊರಟೆ. ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಇದನ್ನು ಮರೆತಿಲ್ಲ. ನಿನ್ನ ಬಾಣ ಒಳಗಿತ್ತು ಮಸುಮಿ. ನಾವಿಬ್ಬರೂ ಸಮಸಮ ಬಂದು ಒಂದೇ ಜಾಗಕ್ಕೆ ಹೊಡೆದ ಆ ದಿನ, ಅಂಚಿನಿಂದ ಒಂದು ಉಗುರಿನಷ್ಟು ಒಳಗೆ, ಕಾಗದ ತೂರಿ ನಿಂತಿತ್ತು. ನಾನು ಅದನ್ನು ಕಿತ್ತು, ತಪ್ಪಿತು ಎಂದು ಕೈ ಅಡ್ಡಡ್ಡ ಹಿಡಿದೆ. ಆ ಸಂಜೆ ಗುರಿಗೆ ಹೊಸ ಕಾಗದ ಅಂಟಿಸಲು ನಾನೇ ಮುಂದಾದದ್ದು ಏಕೆಂದು ಈಗ ನಿನಗೆ ತಿಳಿಯಿತಲ್ಲ. ನೀನು ಕೆಂಪು ಕಣ್ಣು ಹೊತ್ತು ಬಂದು, ಪಕ್ಕದಲ್ಲಿ ಕೂತು ನನಗೆ ಅಂಟು ಕಲಸಿಕೊಟ್ಟೆ. "ನೀನಾದ್ರೂ ಪಂದ್ಯದಲ್ಲಿ ಚೆನ್ನಾಗಿ ಹೊಡಿ, ನನ್ನ ಕೈ ಇಷ್ಟೇ" ಅಂದವಳೂ ನೀನೇ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಮೇಷ್ಟ್ರ ಮೇಲಿನ ಗೌರವಕ್ಕೆ ಪದ್ಧತಿ ಉಳಿಸಿದ್ದೇನೆಂದು ಎಲ್ಲರೂ ಹೊಗಳುತ್ತಾರೆ. ಅದೂ ಸುಳ್ಳು. ಇನ್ನೊಬ್ಬಳಾದರೂ ನನ್ನ ಹಾಗೆ ಮಾಡಲಿ, ಆಗ ಇದು ಎಲ್ಲರೂ ಮಾಡುವಂಥದ್ದೇ ಎಂದುಕೊಂಡು ನೆಮ್ಮದಿಯಾಗಿರಬಹುದು ಎಂದು ಇಪ್ಪತ್ತೆರಡು ವರ್ಷ ಕಾದೆ. ನಿನ್ನೆ ಸುಜುನೆ ಬಗ್ಗಿದ್ದಾಗ ಬೇಡಿಕೊಂಡದ್ದೂ ಅದನ್ನೇ. ನನಗೆ ತಿಳಿದಂತೆ ಒಬ್ಬಳೂ ಮಾಡಲಿಲ್ಲ.

ಇದನ್ನು ಇಬುಕಿಗೆ ಓದಿ ಹೇಳು. ನಿಮ್ಮ ಮನೆಯ ಕೈ ಕೊನೆಯ ಬಾಣಕ್ಕೆ ನಡುಗಿರಲಿಲ್ಲ. ನಡುಗಿದ್ದು ಅದನ್ನು ಕಿತ್ತ ನನ್ನ ಕೈ. ತುರ್ತು ಅಂಚೆಗೆ ಹಾಕುತ್ತಿದ್ದೇನೆ, ಸೋಮವಾರ ನಿನ್ನ ಕೈಸೇರುತ್ತದೆ. ಫಾರಂ ಕೊಡಲು ಮಂಗಳವಾರ ಕೊನೆಯ ದಿನವೆಂದು ನೀನೇ ಬರೆದಿದ್ದೀಯ. ನನಗೆ ಇನ್ನು ಕಾಗದ ಬರೆಯದಿದ್ದರೂ ಸರಿ, ಅದಕ್ಕೆ ಮುದ್ರೆ ಒತ್ತು.