ಬೆಳ್ಳಗಾದ ಗಾಜಿನೆಳೆ

ಸೋಮವಾರ, 3 ಮಾರ್ಚ್ 2014

ಕೊಪ್ಪಳದಿಂದ ಗಿಣಿಗೇರಾ ಬಸ್ಸು ಇವತ್ತೂ ತಡ. ಲ್ಯಾಬಿನ ಶೆಡ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಏಪ್ರನ್ ತೊಟ್ಟು ಒಳಗೆ. ಸುತ್ತಲಿನ ಫ್ಯಾಕ್ಟರಿಗಳ ಕರಿ ಧೂಳು ಒಂದು ಕಣ ಹೊಕ್ಕರೂ ನಮ್ಮ ಗಾಜಿನೆಳೆ ಪಟ್ಟನೆ ತುಂಡು. ಬೆಳಿಗ್ಗೆಯಿಡೀ ಎಳೆ ಜಗ್ಗಿದ್ದೇ ಕೆಲಸ. ಚೆನ್ನಾಗಿ ಬಂತು.

ಮಧ್ಯಾಹ್ನ ಪ್ರಭುರಾಜ ಸರ್ — ನಮ್ಮ ಲ್ಯಾಬಿನ ಮುಖ್ಯಸ್ಥರು — ಎಲ್ಲರನ್ನೂ ಕೂಡಿಸಿ ಸ್ಲೈಡ್ ತೋರಿಸಿದರು. ಲೇಸರಿಗೆ ಬೇಕಾದ ಎಳೆ, ಗಾಜಿನೊಳಗೇ ಅರ್ಬಿಯಂ ಎಂಬ ಲೋಹ ಸೇರಿದ ಸೂಕ್ಷ್ಮ ಹರಳು ಬೆಳೆಸುವ ಪದ್ಧತಿ. ನನ್ನ ಪದ್ಧತಿ. ಕೆಳಗೆ ಹೆಸರು ಅವರೊಬ್ಬರದೇ. ಪೇಟೆಂಟಿಗೂ ಹಾಗೆಯೇ ಹೋಗಿದೆಯಂತೆ!

ಕೇಳಿಯೇಬಿಟ್ಟೆ. ನಗುತ್ತಾ ಅಂದರು: "ವಿರೂಪಾಕ್ಷಮ್ಮ ಅವರ, ನಿಮ್ಮ ಹೆಸರು ಭಾಳ ಉದ್ದ ಐತ್ರಿ. ಸ್ಲೈಡಿನಾಗ ಹಿಡಿಯಂಗಿಲ್ಲ."

ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಅದೇ ಹೆಚ್ಚು ಉರಿಯುತ್ತಿದೆ.

ಇನ್ನು ಈ ಡೈರಿಯಲ್ಲಿ 'ಸರ್' ಇಲ್ಲ. 'ಅವನು'. ಅಷ್ಟೇ.

ಗುರುವಾರ, 6 ಮಾರ್ಚ್

ಊಟ ಸೇರಲಿಲ್ಲ. ತಾಟು ಸರಿಸಿದೆ. ಅವ್ವ ಬಿಡುತ್ತಾಳೆಯೇ?

"ಯಾರ ಮ್ಯಾಲಿನ ಸಿಟ್ಟು ರೊಟ್ಟಿ ಮ್ಯಾಲ ತೀರಸ್ತೀಯಬೇ?"

ಹೇಳಿದೆ.

"ಅವನ ಬಾಯಾಗ ಮಣ್ಣ ಬೀಳ್ಲಿ!" ಅಂದಳು. ಸ್ವಲ್ಪ ಸಮಾಧಾನವಾಯಿತು. ಅರ್ಧ ರೊಟ್ಟಿ ತಿಂದೆ.

ಅವನಿಗೇನು ಗೊತ್ತು ಆ ಕೆಲಸ? ಜಗ್ಗಿದ ಎಳೆಯನ್ನು ಸಣ್ಣ ಕುಲುಮೆಯಲ್ಲಿಟ್ಟು ಕಾಯಿಸಬೇಕು, ಹಾಲಿಗೆ ಹೆಪ್ಪು ಹಾಕಿದಷ್ಟು ಜೋಕೆಯಿಂದ. ಕಾವು ಕಡಿಮೆಯಾದರೆ ಹರಳೇ ಕಟ್ಟುವುದಿಲ್ಲ. ಹೆಚ್ಚಾದರೆ ಹರಳು ದಪ್ಪಗಾಗಿ ಗಾಜು ಬೆಳ್ಳಗೆ — ಬೆಳಕು ಒಳಗೇ ಚೆದುರಿ ಸಾಯುತ್ತದೆ. ಸರಿ ಬಂದರೆ ಮಾತ್ರ... ಕಣ್ಣಿಗೆ ಕಾಣದ ಲೇಸರ್ ಒಂದು ತುದಿಯಿಂದ ಬಿಟ್ಟರೆ ಎಳೆಗೆ ಎಳೆಯೇ ಹಸಿರು. ಮೊದಲ ಸಲ ಕಂಡಾಗ ಕುಲುಮೆ ನೋಡಿಕೊಳ್ಳುವ ಕೊಟ್ರಪ್ಪ, "ಯಪ್ಪಾ! ಗಂಗಾವತಿ ಭತ್ತದ ಸಸಿ ಕಂಡಂಗ ಕಾಣತೈತಲ್ರಿ ಮೇಡಂ!" ಅಂದು ಕುಣಿದಿದ್ದ. ಲ್ಯಾಬಿನ ಮುಖ್ಯಸ್ಥ, ಅವನು, ಅವತ್ತು ರಜೆಯ ಮೇಲಿದ್ದ. ರಜೆಯ ಮೇಲೆ!

ಸೋಮವಾರ, 10 ಮಾರ್ಚ್

ಕೊಟ್ರಪ್ಪ ಬಂದ.

"ಮೇಡಂ, ಕುಲುಮಿ ಕಾವು ಅಳಿಯೋ ಥರ್ಮೋಕಪಲ್ ಕಡ್ಡಿ ಸುಟ್ಟಿತ್ರಿ, ಹೊಸಾದು ಹಾಕೀನಿ. ಆದ್ರ ಇದು ಗಿಡ್ಡ ಐತಿ, ನಡುವಿಗೆ ಮುಟ್ಟವಲ್ದು. ಒಳಗ ಕಾವು ಹೆಚ್ಚಿದ್ರೂ ಮೀಟರಿನಾಗ ಕಡಿಮಿ ತೋರಸ್ತೈತ್ರಿ. ಸರ್‌ಗೆ ಹೇಳ್ಲ್ಯಾ?"

"ಬ್ಯಾಡ. ನಾನ ಹೇಳ್ತೀನಿ."

ಹೇಳಿಲ್ಲ. ಹೇಳುವುದಿಲ್ಲ.

ಇಪ್ಪತ್ತಕ್ಕೆ ದೆಹಲಿಯಿಂದ ತಜ್ಞರು ಬರುತ್ತಾರೆ. ಅವರ ಮುಂದೆ ಎಳೆ ಕಾಯಿಸಿ ತೋರಿಸುವವನು ತಾನೇ ಅಂತೆ. ನನಗೆ? "ನೀವು ಚಹಾ-ಪಾನಿ ನೋಡ್ಕೊಳ್ರಿ." ನೋಡಿಕೊಳ್ಳುತ್ತೇನಪ್ಪಾ, ಚೆನ್ನಾಗಿಯೇ ನೋಡಿಕೊಳ್ಳುತ್ತೇನೆ! ನಾನಾದರೆ ಎಳೆಯ ತುಂಡೊಂದನ್ನು ಮೊದಲು ಕಾಯಿಸಿ ನೋಡದೆ ಮುಂದುವರಿಯುವುದಿಲ್ಲ. ಅವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೀಟರ್ ನೋಡುತ್ತಾನೆ. ನಂಬುತ್ತಾನೆ. ಎಲ್ಲರ ಮುಂದೆ ಅವನ ನೀರಿಳಿಯಬೇಕು. ನಾನು ಕಣ್ತುಂಬ ನೋಡಬೇಕು.

ಬುಧವಾರ, 19 ಮಾರ್ಚ್

ಹೇಳಿಬಿಡೋಣ ಎಂದು ಅವನ ಬಾಗಿಲ ತನಕ ಹೋದೆ. ಒಳಗೆ ಫೋನಿನಲ್ಲಿ — "ಹೌದ್ರಿ, ಪೂರಾ ನಂದ ತಲಿಯಾಗ ಹುಟ್ಟಿದ್ದು."

ತಿರುಗಿ ಬಂದೆ. ಸಾಯಲಿ.

ಗುರುವಾರ, 20 ಮಾರ್ಚ್, ಸಂಜೆ

ಬೆಳ್ಳಗಾಯಿತು! ಅಕ್ಕಿ ತೊಳೆದ ನೀರಿನ ಬಣ್ಣ. ಲೇಸರ್ ಹಚ್ಚಿದ. ತುದಿಯಲ್ಲಿ ಚೂರು ಮಿನುಗಿ ಅಲ್ಲೇ ಸತ್ತಿತು. ಮತ್ತೆ ಹಚ್ಚಿದ. ಮತ್ತೆ ಸತ್ತಿತು. ಹಣೆ ಮೇಲೆ ಬೆವರು. ಎಂಥ ಸುಖ! ಹಬ್ಬದ ಊಟಕ್ಕೂ ಇಷ್ಟು ಸುಖ ಇಲ್ಲ.

ತಜ್ಞರ ತಂಡಕ್ಕೆ ಹಿರಿಯರು ಡಾ. ಹಮೀದಾಬಿ. ಬಳ್ಳಾರಿ ಕಡೆಯವರು. "ಏನಿದು, ಪ್ರಭುರಾಜ?" ಅಂದರು.

ಅವನು ಗಂಟಲು ಸರಿಮಾಡಿಕೊಂಡ. "ಖರೇ ಹೇಳ್ಬೇಕಂದ್ರ ಮೇಡಂ, ಇದು ನಂದಲ್ರಿ. ಈ ಪದ್ಧತಿ ಪೂರಾ ವಿರೂಪಾಕ್ಷಮ್ಮ ಅವರದು. ನಾ ಬರೇ ಅವರನ್ನ ನಂಬಿದೆ."

ಒಂದಕ್ಷರ ಬಿಡದೆ ಹೇಳಿದ ನನ್ನ ಹೆಸರನ್ನು. ಈಗ ಹಿಡಿಯಿತೇನೋ ಬಾಯಲ್ಲಿ! ಕಳ್ಳ ಭಾಡ್ಯಾ!

ಹಮೀದಾಬಿ ನನ್ನ ಕಡೆ ತಿರುಗಿದರು. "ನಿಮ್ಮದ ಅಂದ್ರ ನಾಳೆ ನೀವ ಮಾಡಿ ತೋರ್ಸ್ರಿ. ಆಗ್ಲಿಲ್ಲಂದ್ರ ಈ ಕೆಲಸ ಇಲ್ಲಿಗೆ ಬಂದ್."

"ತೋರಿಸ್ತೀನ್ರಿ," ಅಂದೆ.

ಶುಕ್ರವಾರ, 21 ಮಾರ್ಚ್

ಬಂತು. ಮೊದಲು ತುಂಡು ಕಾಯಿಸಿ ನೋಡಿದೆ, ಮೀಟರಿನ ಅಂಕಿ ಇಳಿಸಿದೆ, ಆಮೇಲೆ ಎಳೆ ಇಟ್ಟೆ. ತಿಳಿ ಗಾಜು. ಲೇಸರ್ ಬಿಟ್ಟ ಕೂಡಲೇ ಈ ತುದಿಯಿಂದ ಆ ತುದಿವರೆಗೆ ಹಸಿರು! ಚಪ್ಪಾಳೆ. ಹಮೀದಾಬಿ ಬೆನ್ನು ತಟ್ಟಿದರು. "ಪೇಟೆಂಟಿನಾಗ ನಿಮ್ಮ ಹೆಸರು ಇರಬೇಕು. ನಾ ಬರೀತೀನಿ." ಅವನ ಮುಖ ಸುಟ್ಟ ಬದನೆಕಾಯಿ. ಇದನ್ನೇ ಬೇಡಿದ್ದೆ, ಇದೇ ಸಿಕ್ಕಿತು.

ಆಮೇಲೆ ಅವರು ಕೇಳಿದರು, "ನಿನ್ನಿ ಏನ್ ತಪ್ಪಾಗಿತ್ತು?"

"ಥರ್ಮೋಕಪಲ್ ಗಿಡ್ಡ ಐತ್ರಿ. ಮೀಟರ್ ಕಡಿಮಿ ತೋರಸ್ತೈತಿ."

ಅವನಿಗೆ ಅಷ್ಟೇ ಬೇಕಿತ್ತು. ಹಿಂದೆ ನಿಂತಿದ್ದವನ ಮೇಲೆ ಹರಿಹಾಯ್ದ. "ಏ ಕೊಟ್ರಪ್ಪ! ಹಾಕಿದಾವ ನೀನಲ್ಲೇನು? ಬಾಯಿ ಬಿದ್ದಹೋಗಿತ್ತೇನು ನಿಂದು? ನಾಳಿಂದ ಗೇಟಿನಾಗ ಕಾಲಿಡಬ್ಯಾಡ!"

ಕೊಟ್ರಪ್ಪ ನನ್ನ ಕಡೆ ನೋಡಿದ.

ಹಮೀದಾಬಿಯೂ ನನ್ನ ಕಡೆಯೇ ನೋಡಿದರು. "ನಿಮಗ ಯಾವಾಗ ಗೊತ್ತಾತ್ರಿ ಇದು?"

"ಇವತ್ತ ಮುಂಜಾನಿ," ಅಂದೆ.

ಬಾಯಿಂದ ಬಂದೇಬಿಟ್ಟಿತು. ಫೋನಿನಲ್ಲಿ ಅವನು ಸುಳ್ಳು ಹೇಳಿದ ಹಾಗೇ, ಅಷ್ಟೇ ಸಲೀಸಾಗಿ.

ಕೊಟ್ರಪ್ಪ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಹಿಂದೆಯೇ ಓಡಿದೆ. ಏನು ಹೇಳಲು ಹೋಗಿದ್ದೆನೋ, ಅವನೇ ಮೊದಲು ಅಂದ:

"ಇರ್ಲಿ ಬಿಡ್ರಿ ಮೇಡಂ. ನಿಮ್ಮ ಹೆಸರು ಬಂತಲ್ಲ, ಛಲೋ ಆತು."

ಅಣಕವಲ್ಲ. ಕೊಟ್ರಪ್ಪನಿಗೆ ನಿಜವಾಗಿಯೂ ಖುಷಿಯಾಗಿತ್ತು. ಅದನ್ನೇ ತಡೆಯಲಾಗುತ್ತಿಲ್ಲ.

ಹಮೀದಾಬಿ ನಾಳೆ ಮಧ್ಯಾಹ್ನದವರೆಗೂ ಕೊಪ್ಪಳದಲ್ಲೇ ಇರುತ್ತಾರೆ. ಹೋಗಿ ಹೇಳಿಬಿಡಬೇಕು. ಕೊಟ್ರಪ್ಪ ಅವತ್ತೇ ಹೇಳಿದ್ದ, ನಾನೇ ಬಾಯಿ ಮುಚ್ಚಿಸಿದೆ ಅಂತ. ಹೇಳಿದರೆ ಪೇಟೆಂಟಿನಲ್ಲಿ ನನ್ನ ಹೆಸರು —