ಚುಕ್ಕೆ ಇಲ್ಲದ ಹೊಸ ಲೆನ್ಸು

ಸ್ಟುಡಿಯೋ ಮೇಲಿನ ಮನೆ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ ಚೆನ್ನಾಗಿದ್ದೀನಿ ಅಂತೀಯ, ಅದಕ್ಕೇ ಕಾಗದ. ನನ್ನ ಮಂಡಿನೋವು ಅದರ ಪಾಡಿಗೆ ಅದಿದೆ. ನಿಮ್ಮಪ್ಪನ ಸುದ್ದಿಯೇ ದೊಡ್ಡದು. ಈ ವಯಸ್ಸಿನಲ್ಲಿ ಹೊಸ ಲೆನ್ಸ್ ತಂದಿದ್ದಾರೆ. ತಾನಾಗಿಯೇ ಫೋಕಸ್ ಆಗುವಂಥದ್ದಲ್ಲ, ಹಳೆಯದರ ಹಾಗೆ ಕೈಯಿಂದಲೇ ತಿರುಗಿಸುವಂಥದ್ದು, ಅದೂ ಅಂಗಡಿಯಲ್ಲಿದ್ದ ಅತಿ ದುಬಾರಿಯದು. ತಮ್ಮ ಕ್ಯಾಮೆರಾಗೆ ಹಾಕಿಕೊಂಡು, ಹಸುಗೂಸು ಎತ್ತಿಕೊಂಡವರಂತೆ ಮನೆ ತುಂಬ ಓಡಾಡುತ್ತಿದ್ದಾರೆ. ಇದು ದೂರದ್ದನ್ನು ಹತ್ತಿರ ಮಾಡಲ್ಲ, ಕಣ್ಣಿಗೆ ಕಂಡಷ್ಟೇ ತೋರಿಸುತ್ತೆ ಅಂದನಂತೆ ಅಂಗಡಿಯವನು. ನನಗೆ ಅಷ್ಟೇ ಸಾಕು ಅಂದರಂತೆ ಇವರು. ಇವರ ನೋಟದ ನಡುಭಾಗ ಮಂಜಾಗುತ್ತಾ ಹೋಗುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ ಅಂತ ಡಾಕ್ಟರು ಹೇಳಿದ ಮಾರನೆಯ ದಿನವೇ ತಂದದ್ದು. ನಿನಗೆ ತಿಳಿಸಬೇಡ ಅಂದಿದ್ದರು. ನನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅಂತ ಗೊತ್ತಿದ್ದೂ ನನಗೆ ಹೇಳಿದ್ದು ಅವರದೇ ತಪ್ಪು.

ಹಳೆಯ ಲೆನ್ಸ್ ನೆನಪಿದೆಯಾ? ಒಳಗಿನ ಗ್ರೀಸ್ ಒಣಗಿ, ಈಗ ಫೋಕಸ್ ಮಾಡುವ ರಿಂಗು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಅದರ ಮೇಲಿನ ಕೆಂಪು ಚುಕ್ಕೆ ಮಾತ್ರ ಹಾಗೇ ಇದೆ. ಆ ಲೆನ್ಸ್ ತಂದ ದಿನ ಸ್ಟುಡಿಯೋದ ಸ್ಟೂಲಿಗೆ ನೆಲದ ಮೇಲೆ ಗುರುತು ಹಾಕಿ, ನಿನ್ನನ್ನೇ ಕೂರಿಸಿದ್ದರು. ಅಲುಗಾಡಬೇಡ ಅಂದದ್ದಕ್ಕೆ ನೀನು ಉಸಿರನ್ನೂ ಬಿಡದೆ, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದೆ. ಫೋಕಸ್ ಸಿಕ್ಕಿತು ಅಂದದ್ದೇ ತಡ, ಇಳಿದು ಬಂದು ನನ್ನ ಉಗುರುಬಣ್ಣ ತಂದು ರಿಂಗಿನ ಮೇಲೆ ಚುಕ್ಕೆ ಇಟ್ಟೆ. ಆಮೇಲೆ ಯಾರೇ ಬಂದು ಕೂರಲಿ, ಅಪ್ಪ ಮೊದಲು ನಿನ್ನ ಚುಕ್ಕೆಗೆ ರಿಂಗು ತಂದು, ಅವರ ಕಣ್ಣಿನ ರೆಪ್ಪೆ ನೋಡುತ್ತಾ ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತಿದ್ದರು. ಊರಿನ ಅರ್ಧ ಜನರ ಮುಖ ನಿನ್ನ ಚುಕ್ಕೆಯಿಂದಲೇ ತಿಳಿಯಾಗಿ ಬಂದದ್ದು. ಕೆನ್ನೆ ಉಬ್ಬಿಸಿದ ನಿನ್ನ ಫೋಟೋ ಇನ್ನೂ ಕನ್ನಡಿ ಪಕ್ಕದಲ್ಲಿದೆ. ದಿನಾ ತಲೆ ಬಾಚುವಾಗ ನೋಡುತ್ತೇನೆ, ಆ ದಿನಗಳು ಬೇಕು ಅನ್ನಿಸುತ್ತದೆ ಕಣೇ.

ಈಗ ಬೆಳಗಾದರೆ ಸ್ಟೂಲಿನ ಮೇಲೆ ನಾನು. ಒಂದು ಫೋಟೋದಲ್ಲಿ ಕಿವಿ ಚೆನ್ನಾಗಿ ಬಂದಿದೆ, ಇನ್ನೊಂದರಲ್ಲಿ ಹಿಂದಿನ ಪರದೆ. ಮುಖ ಮಾತ್ರ ಮಸುಕು. ಒಳ್ಳೆಯದೇ ಆಯಿತು, ಸುಕ್ಕು ಕಾಣಲ್ಲ ಅಂತ ತಮಾಷೆ ಮಾಡಿದೆ. ಅವರು ನಗಲಿಲ್ಲ. ನೀನು ಗಾಬರಿಯಾಗಿ ಕೆಲಸ ಬಿಟ್ಟು ಓಡಿ ಬರಬೇಡ, ಹೇಳಿದಂತೆ ಬೇಸಿಗೆ ರಜೆಗೇ ಬಾ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ಮರೆತಿದ್ದೆ: ನಿನ್ನೆ ಹೊಸ ಲೆನ್ಸಿಗೂ ಚುಕ್ಕೆ ಇಡೋಣ ಅಂತ ನಾನೇ ಉಗುರುಬಣ್ಣ ಹಿಡಿದು ಹೋದೆ. ಅಪ್ಪ ಲೆನ್ಸಿನ ಮೇಲೆ ಅಂಗೈ ಮುಚ್ಚಿದರು. 'ಬೇಡ ಕಣೇ. ಅವಳು ಬಂದು ಕೂರಲಿ. ಅವಳ ಮುಖ ನೋಡಿಯೇ ಇಡೋಣ' ಅಂದರು. ಬೆಳಗಿನ ಬಿಸಿಲಲ್ಲಿ ಇನ್ನೂ ಮುಖ ಗುರುತು ಹಿಡಿಯುತ್ತಾರೆ. ಮೇಲೆ ಬರೆದದ್ದನ್ನು ನಂಬಬೇಡ, ಬೇಸಿಗೆ ತನಕ ಕಾಯಬೇಡ. ಈ ವಾರವೇ ಬಾ.